ಆಮೆ ಮರಿ ಮಲಗಿಲ್ಲ, ಚಳಿಗೆ ಮರಗಟ್ಟಿದೆ

ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನ ಒಂದು ಫ್ಲ್ಯಾಟ್. 45 ಗ್ರಾಂ ತೂಗುವ ಸುಲ್ಕಾಟಾ ಆಮೆ ಮರಿ. ಮಾರಿದವರು ಹೇಳಿ ಕಳಿಸಿದ್ದು ಒಂದೇ ಮಾತು: "ಚಳಿಗಾಲ ಅಲ್ವಾ, ಜಾಸ್ತಿ ನಿದ್ದೆ ಮಾಡುತ್ತೆ, ಎಬ್ಬಿಸಬೇಡಿ." ಒಂಬತ್ತು ದಿನ ಯಾರೂ ಎಬ್ಬಿಸಲಿಲ್ಲ. ಹತ್ತನೆಯ ದಿನ ಮೂಗಿನ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದುಕೊಂಡಾಗ ಒಳಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಕತ್ತು ಚಾಚಿ, ಬಾಯಿ ತೆರೆದು ಉಸಿರಾಡತೊಡಗಿತು. ನ್ಯುಮೋನಿಯಾ. ಔಷಧಿ ಶುರುವಾದ ಮೂರನೇ ದಿನ ಮರಿ ಸತ್ತಿತು.

ಸುಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯೇ ಅಲ್ಲ. ಅದು ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಸೀಮೆಯದು. ಮಾರುವವರು ಹೇಳುವ ಆ "ನಿದ್ದೆ" ಮೈ ತಣ್ಣಗಾಗಿ ಮರಗಟ್ಟುವುದಷ್ಟೇ. ಆಮೆ ತನ್ನ ಮೈಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕು. ಮೈ ತಣ್ಣಗಾದರೆ ತಿಂದ ಸೊಪ್ಪು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ.

ಆ ಮನೆಯಲ್ಲಿ ಹಗಲಿನ ವ್ಯವಸ್ಥೆ ಸರಿಯಾಗಿಯೇ ಇತ್ತು, ಬಲ್ಬಿನ ಕೆಳಗೆ 35 ಡಿಗ್ರಿ. ರಾತ್ರಿ ಹತ್ತಕ್ಕೆ ಬಲ್ಬ್ ಆರಿಸುತ್ತಿದ್ದರು. ಮೇಲೆ ತೆರೆದ ಗಾಜಿನ ಟ್ಯಾಂಕು, ಅದೂ ಗ್ರಾನೈಟ್ ನೆಲದ ಮೇಲೆ. ಗೋಡೆಯ ಥರ್ಮಾಮೀಟರು 22 ತೋರಿಸುತ್ತಿದ್ದುದರಿಂದ ಎಲ್ಲರೂ ನಿಶ್ಚಿಂತರಾಗಿದ್ದರು. ಆಮೇಲೆ ಮಿನಿಮಮ್-ಮ್ಯಾಕ್ಸಿಮಮ್ ನೆನಪಿಟ್ಟುಕೊಳ್ಳುವ ಡಿಜಿಟಲ್ ಮೀಟರಿನ ಪ್ರೋಬನ್ನು (ಬಿಸಿ ಅಳೆಯುವ ತಂತಿಯ ತುದಿ) ಮರಿ ಮಲಗುತ್ತಿದ್ದ ಮೂಲೆಯಲ್ಲೇ ಇಟ್ಟು ನೋಡಿದರೆ ಬೆಳಗಿನ ಜಾವದ ಲೆಕ್ಕ 16.8! ಜೊತೆಗೆ ಕೆಳಗೆ ಹಾಸಿದ್ದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೊಯ್ದಿತ್ತು. ಮರಿಗೆ ತೇವ ಬೇಕು ನಿಜ, ಆದರೆ ಅದು ಬೆಚ್ಚಗಿನ ತೇವವಾಗಿರಬೇಕು. ತೇವಕ್ಕೆ ತಂಪು ಸೇರಿದರೆ ನೇರ ಶ್ವಾಸಕೋಶಕ್ಕೇ ಏಟು.

ಮರಿ ಇರುವ ಮಟ್ಟದಲ್ಲಿ ರಾತ್ರಿ 27 ಡಿಗ್ರಿ ಇರಬೇಕು, 26ಕ್ಕಿಂತ ಇಳಿಯಕೂಡದು. ಇದಕ್ಕೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಬೇಕು. ಮೂರಡಿ ಉದ್ದ, ಎರಡಡಿ ಅಗಲದ ಮುಚ್ಚಿದ ಪೆಟ್ಟಿಗೆಗೆ 60ರಿಂದ 100 ವ್ಯಾಟ್. ಪಿಂಗಾಣಿ ಹೋಲ್ಡರಿಗೇ ಹಾಕಿ; ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬೆಂಕಿ ಹತ್ತುತ್ತದೆ. ಮರಿಯ ಬೆನ್ನಿನಿಂದ 30 ಸೆಂ.ಮೀ. ಎತ್ತರದಲ್ಲಿರಲಿ, ಸುತ್ತ ತಂತಿ ಜಾಲರಿ ಇರಲಿ. ಹೀಟರನ್ನು ನೇರ ಪ್ಲಗ್ಗಿಗೆ ಕೊಡಬೇಡಿ. ಕೋಳಿಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕುವ ಡಿಜಿಟಲ್ ಥರ್ಮೋಸ್ಟಾಟ್ ಸಾಕು, 28ಕ್ಕೆ ಆಫ್, 27ಕ್ಕೆ ಆನ್.

ಥರ್ಮೋಸ್ಟಾಟಿನ ಪ್ರೋಬನ್ನು ಮಾತ್ರ ಗಟ್ಟಿಯಾಗಿ ಕಟ್ಟಿ. ಹೀಟರಿನ ನೇರ ಕೆಳಗೆ ಬೇಡ, ಮರಿ ಮಲಗುವ ಜಾಗದಲ್ಲಿ, ನೆಲದಿಂದ ಎರಡು ಬೆರಳು ಮೇಲೆ. ಅದು ಜಾರಿ ಪೆಟ್ಟಿಗೆಯ ಹೊರಗೆ ಬಿತ್ತೆನ್ನಿ: ಹೊರಗಿನ ಚಳಿಯನ್ನೇ ಓದುತ್ತ ಹೀಟರ್ ಬೆಳಗಿನವರೆಗೂ ಆರುವುದಿಲ್ಲ, ಮರಿ ಒಳಗೇ ಬೇಯುತ್ತದೆ. ಥರ್ಮೋಸ್ಟಾಟಿನ ರಿಲೇ (ಒಳಗಿನ ಸ್ವಿಚ್ಚು) ಅಂಟಿಕೊಂಡರೂ ಇದೇ ಗತಿ. ಅದಕ್ಕೇ ಬೇರೆ ಮೀಟರೊಂದು ಒಳಗೆ ಇರಲೇಬೇಕು.

ಪೆಟ್ಟಿಗೆಯ ಮೇಲ್ಭಾಗ ಮುಚ್ಚಿ, ಗಾಳಿಗೆ ಸ್ವಲ್ಪ ಸಂದು ಬಿಡಿ. ನೆಲದಿಂದ ಎತ್ತಿ ಮೇಜಿನ ಮೇಲಿಡಿ, ಕೆಳಗೆ ಥರ್ಮಾಕೋಲ್ ಹಲಗೆ ಹಾಕಿ. ಹೀಟರ್ ಚಿಪ್ಪನ್ನು ಒಣಗಿಸುತ್ತದೆ. ಮರಿಯ ಚಿಪ್ಪು ಒಣಗಿದರೆ ಗುಬುಟು ಗುಬುಟಾಗಿ ಬೆಳೆಯುತ್ತದೆ. ಹಾಗಾಗಿ ಕೋಕೋಪೀಟ್ ಮೂರು ಇಂಚು ಹಾಸಿ, ಮೂಲೆಗಳಲ್ಲಿ ಬೆಚ್ಚಗಿನ ನೀರು ಸುರಿದು ಅಡಿಪದರ ಮಾತ್ರ ತೇವವಾಗಿಡಿ.

ಕೆಂಪು ಬಲ್ಬ್ ಬೇಡ, ಆಮೆಗೆ ಕೆಂಪು ಬಣ್ಣ ಕಾಣುತ್ತದೆ, ನಿದ್ದೆ ಕೆಡುತ್ತದೆ. ಅಡಿಯಲ್ಲಿ ಹಾಸುವ ಕರೆಂಟಿನ ಹೀಟ್ ಮ್ಯಾಟ್ ಇನ್ನೂ ಅಪಾಯ. ಬಿಸಿಯಾದಾಗ ಆಮೆ ತಂಪು ಹುಡುಕಿ ಮಣ್ಣು ತೋಡುತ್ತದೆ. ಕೆಳಗೆ ಮ್ಯಾಟ್ ಇದ್ದರೆ ತೋಡಿದಷ್ಟೂ ಬಿಸಿ, ಹೊಟ್ಟೆಯ ಚಿಪ್ಪು ಸುಟ್ಟುಹೋಗುತ್ತದೆ.

ಕರೆಂಟ್ ಹೋದರೆ? 60 ವ್ಯಾಟಿನ ಹೀಟರ್ ಎಂಟು ಗಂಟೆ ಆರದೆ ಉರಿದರೂ 480 ವ್ಯಾಟ್-ಅವರ್. ಸುಸ್ಥಿತಿಯಲ್ಲಿರುವ 150 ಎಎಚ್ ಬ್ಯಾಟರಿಯ ಯುಪಿಎಸ್ ಸುಲಭವಾಗಿ ತಡೆಯುತ್ತದೆ. ಯುಪಿಎಸ್ ಇಲ್ಲದವರು ಮುಚ್ಚಳಕ್ಕೆ ತೂತು ಮಾಡಿದ ಥರ್ಮಾಕೋಲ್ ಡಬ್ಬಿ ಸಿದ್ಧವಾಗಿಟ್ಟುಕೊಳ್ಳಿ: ಬಿಸಿನೀರಿನ ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಒಂದು ಪಕ್ಕಕ್ಕೆ, ಮರಿ ಇನ್ನೊಂದು ಪಕ್ಕಕ್ಕೆ.

ಇಲ್ಲಿ ಹೇಳಿದ್ದೆಲ್ಲ ಸುಲ್ಕಾಟಾಕ್ಕೆ. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಮರಿ ಎರಡು ದಿನ ಸೊಪ್ಪು ಮುಟ್ಟದಿದ್ದರೆ, ಕಣ್ಣು ಊದಿದರೆ, ಮೂಗು ಒದ್ದೆಯಾದರೆ "ನಿದ್ದೆ" ಅಂತ ಬಿಡಬೇಡಿ. ಹಗಲು-ರಾತ್ರಿ 28ರಿಂದ 30 ಡಿಗ್ರಿಯಲ್ಲಿಟ್ಟು, ಅಡುಗೆ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ಅದೇ ದಿನ ಆಮೆಗಳನ್ನು ನೋಡಿ ಗೊತ್ತಿರುವ ವೈದ್ಯರ ಬಳಿ ಒಯ್ಯಿರಿ. ನಾಯಿ-ಬೆಕ್ಕುಗಳನ್ನಷ್ಟೇ ನೋಡುವವರ ಬಳಿ ಹೋಗಲೇಬೇಕಾದರೆ ಒಂದು ಮಾತು ಮೊದಲೇ ಹೇಳಿ: ಹುಳುವಿನ ಔಷಧಿ ಐವರ್ಮೆಕ್ಟಿನ್ ಕೊಡಬೇಡಿ, ಅದು ಆಮೆಗೆ ವಿಷ.