ಎನ್‌ಐ ಯುಎಸ್‌ಬಿ-6210: ಐದು ವರ್ಷ ಥರ್ಮೋಕಪಲ್ ಕಟ್ಟಿ ನೋಡಿದ ಮೇಲೆ

ಎನ್‌ಐ (ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್) ಕಂಪನಿಯ ಯುಎಸ್‌ಬಿ-6210 ಎಂದರೆ ಸೆನ್ಸರ್‌ಗಳ ವೋಲ್ಟೇಜ್ ಅಳೆದು ಕಂಪ್ಯೂಟರಿಗೆ ಕಳಿಸುವ ಬೋರ್ಡ್. ನಮ್ಮ ಕಾಲೇಜಿನ ಹೀಟ್ ಟ್ರಾನ್ಸ್‌ಫರ್ ಲ್ಯಾಬಿನಲ್ಲಿ ಇದು ಐದು ವರ್ಷದಿಂದ ದುಡಿಯುತ್ತಿದೆ. 16 ಬಿಟ್, ಎಲ್ಲ ಚಾನೆಲ್ ಸೇರಿ ಸೆಕೆಂಡಿಗೆ 2.5 ಲಕ್ಷ ಸ್ಯಾಂಪಲ್. ಅಷ್ಟು ವೇಗ ನಮಗೆ ಬೇಕಿಲ್ಲ. ಡಿಫರೆನ್ಷಿಯಲ್ ಆಗಿ, ಅಂದರೆ ಪ್ಲಸ್, ಮೈನಸ್ ಎರಡು ಟರ್ಮಿನಲ್‌ಗಳ ನಡುವಿನ ವ್ಯತ್ಯಾಸ ಅಳೆಯುವಂತೆ ಜೋಡಿಸಿದರೆ ಎಂಟು ಚಾನೆಲ್ ಸಿಗುತ್ತವೆ. ಐದಕ್ಕೆ ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದ ಉಷ್ಣತಾ ಸೆನ್ಸರ್), ಒಂದಕ್ಕೆ ಪ್ರೆಶರ್ ಟ್ರಾನ್ಸ್‌ಮಿಟರ್, ಒಂದಕ್ಕೆ ಎಲ್‌ಎಂ35 ಎಂಬ ಉಷ್ಣತೆ ಅಳೆಯುವ ಚಿಪ್.

ಮೊದಲ ವಾರ ತುಂಬ ಕಾಡಿತು. ಥರ್ಮೋಕಪಲ್‌ನ ಎರಡು ತಂತಿಗಳನ್ನು ಪ್ಲಸ್, ಮೈನಸ್‌ಗೆ ಹಾಕಿ ಸ್ಕ್ರೂ ಬಿಗಿದೆ. ರೀಡಿಂಗ್ ನಿಧಾನವಾಗಿ ಏರುತ್ತಾ ಹೋಗಿ ರೇಂಜಿನ ತುದಿಗೆ ಅಂಟಿಕೊಂಡಿತು. ಬೋರ್ಡೇ ಕೆಟ್ಟಿದೆ ಅಂದುಕೊಂಡೆ. ತಪ್ಪು ನನ್ನ ವೈರಿಂಗಿನಲ್ಲಿತ್ತು. ಒಳಗಿನ ಆಂಪ್ಲಿಫೈಯರ್‌ಗೆ ಅತಿ ಸಣ್ಣ ಬಯಾಸ್ ಕರೆಂಟ್ ಬೇಕು, ಅದಕ್ಕೆ ಗ್ರೌಂಡಿಗೆ ದಾರಿ ಇರಬೇಕು. ಥರ್ಮೋಕಪಲ್ ಯಾವ ಗ್ರೌಂಡಿಗೂ ಸೇರಿಲ್ಲದಿದ್ದರೆ ಎರಡೂ ತಂತಿ ಒಟ್ಟಿಗೆ ತೇಲುತ್ತಾ ಹೋಗುತ್ತವೆ. ಪ್ರತಿ ಮೈನಸ್‌ನಿಂದ ಬೋರ್ಡಿನ ಅನಲಾಗ್ ಗ್ರೌಂಡಿಗೆ ಒಂದೊಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿದೆ, ಆವತ್ತೇ ಸರಿಹೋಯಿತು. ಒಂದು ಚಾನೆಲ್‌ಗೆ ರೆಸಿಸ್ಟರ್ ಸಾಲದೆ ತುಂಡು ತಂತಿಯನ್ನೇ ಕಟ್ಟಿದ್ದೆ. ಅದೂ ಚೆನ್ನಾಗಿಯೇ ನಡೆಯಿತು.

ಎರಡು ವರ್ಷ ಕಳೆದು ಆ ಚಾನೆಲ್‌ನ ಪ್ರೋಬ್ ಬದಲಾಯಿಸಿದಾಗ ರೀಡಿಂಗ್ ಕುಣಿಯತೊಡಗಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಶಾಂತ, ಸಿಕ್ಕಿಸಿದರೆ ಮತ್ತೆ 50 ಹರ್ಟ್ಸ್ ಅಲೆ. ಹೊಸ ಪ್ರೋಬಿನ ತುದಿ ಅದರ ಲೋಹದ ಕವಚಕ್ಕೇ ಬೆಸೆದದ್ದು. ಕವಚ ಹೀಟರಿನ ಮೈಗೆ ತಾಗಿತ್ತು, ಹೀಟರಿಗೆ ಅರ್ಥಿಂಗ್ ಇತ್ತು. ನಾನು ಕಟ್ಟಿದ ತುಂಡು ತಂತಿ ಎರಡನೇ ಗ್ರೌಂಡ್ ಆಗಿ, ಎರಡು ಗ್ರೌಂಡ್‌ಗಳ ನಡುವೆ ಕರೆಂಟ್ ಸುತ್ತುವ ಗ್ರೌಂಡ್ ಲೂಪ್ ಉಂಟಾಗಿತ್ತು. ಈಗ ಹೊಸ ಪ್ರೋಬ್ ಬಂದರೆ ಮೊದಲು ಮಲ್ಟಿಮೀಟರಿನಲ್ಲಿ ಕವಚಕ್ಕೂ ತಂತಿಗೂ ಕಂಟಿನ್ಯುಟಿ ನೋಡುತ್ತೇನೆ. ಬೀಪ್ ಬಂದು, ಕವಚ ಅರ್ಥಿಂಗ್ ಇರುವ ಮೈಗೆ ತಾಗುವಂತಿದ್ದರೆ ಆ ಚಾನೆಲ್‌ಗೆ ರೆಸಿಸ್ಟರೂ ಇಲ್ಲ, ತಂತಿಯೂ ಇಲ್ಲ.

ರೇಂಜ್ ಮರೆಯಬೇಡಿ. ±10 ವೋಲ್ಟ್‌ನಲ್ಲಿ ಒಂದು ಮೆಟ್ಟಿಲು, ಅಂದರೆ ಬೋರ್ಡ್ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸ, ಸುಮಾರು 320 ಮೈಕ್ರೋವೋಲ್ಟ್. ಕೆ-ಟೈಪ್ ಕೊಡುವುದು ಡಿಗ್ರಿಗೆ ಸುಮಾರು 41, ಅಂದರೆ ಉಷ್ಣತೆ ಸುಮಾರು ಎಂಟು ಡಿಗ್ರಿಯ ನೆಗೆತದಲ್ಲಿ ಕಾಣುತ್ತದೆ! ±0.2 ವೋಲ್ಟ್‌ಗೆ ಇಳಿಸಿದರೆ ಮೆಟ್ಟಿಲು ಡಿಗ್ರಿಯ ಆರರಲ್ಲೊಂದು ಭಾಗಕ್ಕೆ ಬರುತ್ತದೆ. ಥರ್ಮೋಕಪಲ್ ತೋರಿಸುವುದು ತನ್ನ ಎರಡು ತುದಿಗಳ ಉಷ್ಣತೆಯ ವ್ಯತ್ಯಾಸ ಮಾತ್ರ, ಹಾಗಾಗಿ ಬೋರ್ಡಿನ ಕಡೆಯ ತುದಿಯ (ಕೋಲ್ಡ್ ಜಂಕ್ಷನ್) ಉಷ್ಣತೆಯ ಲೆಕ್ಕಕ್ಕೆಂದೇ ಎಲ್‌ಎಂ35 ಅನ್ನು ಸ್ಕ್ರೂ ಟರ್ಮಿನಲ್‌ಗೆ ಒತ್ತಿ ಅಂಟಿಸಿದ್ದೇನೆ. ಫ್ಯಾನ್ ಗಾಳಿ ಅಲ್ಲಿಗೆ ನೇರ ಬೀಸಬಾರದು.

ಎಂಟನೇ ಚಾನೆಲ್‌ನ ಪ್ಲಸ್, ಮೈನಸ್ ಎರಡನ್ನೂ ಗ್ರೌಂಡಿಗೆ ಶಾರ್ಟ್ ಮಾಡಿ ಇಟ್ಟಿದ್ದೇನೆ. ಒಳಗಿರುವುದು ವೋಲ್ಟೇಜನ್ನು ಅಂಕಿಯಾಗಿಸುವ ಒಂದೇ ಎಡಿಸಿ, ಅದು ಸರದಿಯಲ್ಲಿ ಚಾನೆಲ್ ಓದುತ್ತದೆ. 250 ಓಮ್ ಮೇಲೆ 4-20 ಮಿಲಿಆಂಪ್ ಹರಿದು 5 ವೋಲ್ಟ್‌ವರೆಗೆ ಬರುವ ಪ್ರೆಶರ್ ಸಿಗ್ನಲ್ ಓದಿದ ಬೆನ್ನಿಗೇ ಥರ್ಮೋಕಪಲ್ ಓದಿದರೆ ಹಿಂದಿನದರ ನೆರಳು ಮುಂದಿನದಕ್ಕೆ ಬೀಳುತ್ತಿತ್ತು. ನಡುವೆ ಈ ಶಾರ್ಟ್ ಚಾನೆಲ್ ಓದಿಸಿ, ಸ್ಕ್ಯಾನ್ ವೇಗ ಇಳಿಸಿದೆ, ಹೋಯಿತು.

ನಮ್ಮ ಕೆಲಸಕ್ಕೆ ಇದನ್ನೇ ಮತ್ತೆ ಕೊಳ್ಳುತ್ತೇನೆ. ಮೋಟಾರ್ ಡ್ರೈವ್ ಪಕ್ಕದಲ್ಲಿ ಅಳೆಯುವವರು ಮಾತ್ರ ಐಸೊಲೇಷನ್ (ಸಿಗ್ನಲ್ ಕಡೆಗೂ ಕಂಪ್ಯೂಟರ್ ಕಡೆಗೂ ವಿದ್ಯುತ್ ಸಂಪರ್ಕ ಇಲ್ಲದಂತೆ ಬೇರ್ಪಡಿಕೆ) ಇರುವ 6215 ನೋಡಿ. 6210ರಲ್ಲಿ ಅದು ಇಲ್ಲ.