ಚೀಸ್ ಬಾಲ್ಸ್ ಪೊಟ್ಟಣದಲ್ಲಿ ಚೀಸ್ ಹುಡುಕಿದ್ದು

ಮಂಡ್ಯ ಪಕ್ಕದ ನಮ್ಮೂರ ಡೈರಿಯಲ್ಲಿ ಇಪ್ಪತ್ತೆರಡು ವರ್ಷ ಹಾಲು ಟೆಸ್ಟ್ ಮಾಡಿದವನು ನಾನು. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) 8.5 ಪರ್ಸೆಂಟ್ ಬರದಿದ್ದರೆ ಸ್ವಂತ ಭಾವಮೈದುನನ ಕ್ಯಾನನ್ನೂ ವಾಪಸ್ ಕಳಿಸಿದ್ದೇನೆ. ಅವನ ಸಿಟ್ಟು ಇನ್ನೂ ಇಳಿದಿಲ್ಲ, ಇರಲಿ. ಹೋದ ವಾರ ಗುತ್ತಲು ರಸ್ತೆಯ ಅಂಗಡಿಯಲ್ಲಿ ಮೊಮ್ಮಗಳು ಹಟ ಹಿಡಿದು ಚೀಸ್ ಬಾಲ್ಸ್ ಕೊಡಿಸಿಕೊಂಡಳು. "ಚೀಸು ಹಾಲಿಂದೇ ಅಲ್ವಾ ತಾತ, ಶಕ್ತಿ ಬತ್ತದೆ" ಅಂತ ನನಗೇ ಪಾಠ.

ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕು, ಅದು ಕಾನೂನು. ಮೊದಲು ಮೆಕ್ಕೆಜೋಳದ ತರಿ, ಆಮೇಲೆ ಪಾಮೋಲಿನ್ ಎಣ್ಣೆ, ಆಮೇಲೆ ಮಸಾಲೆ. ಆ ಮಸಾಲೆಯೊಳಗೆ ಉಪ್ಪು, ಸಕ್ಕರೆ, ಹಾಲಿನ ಪುಡಿ ಎಲ್ಲ ದಾಟಿದ ಮೇಲೆ ಚೀಸ್ ಪುಡಿ, 1.3 ಪರ್ಸೆಂಟ್. 60 ಗ್ರಾಂ ಪೊಟ್ಟಣಕ್ಕೆ ಒಂದು ಗ್ರಾಮೂ ಬೀಳಲಿಲ್ಲ. ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುತ್ತಿದ್ದೆವು. ಇಲ್ಲಿ ನೀರಿಗೆ ಹಾಲು ತೋರಿಸಿ ಎತ್ತಿಕೊಂಡಿದ್ದಾರೆ. ಕೊನೆಯಲ್ಲಿ 627, 631. ಕೈ ಮತ್ತೆ ಮತ್ತೆ ಪೊಟ್ಟಣಕ್ಕೆ ಹೋಗುವುದು ಈ ರುಚಿವರ್ಧಕಗಳ ದೆಸೆಯಿಂದಲೂ ಇರಬೇಕು.

100 ಗ್ರಾಂಗೆ 540 ಕ್ಯಾಲೊರಿ, ಕೊಬ್ಬು 33 ಗ್ರಾಂ, ಪ್ರೋಟೀನ್ 6 ಗ್ರಾಂ, ಸೋಡಿಯಂ 850 ಮಿಲಿಗ್ರಾಂ. ಒಂದು ಸಲಕ್ಕೆ 20 ಗ್ರಾಂ ಅಂತ ಪಕ್ಕದಲ್ಲೇ ಸಣ್ಣಕ್ಷರ. ಯಾವ ಮಗು ಎಣಿಸಿಕೊಂಡು ತಿನ್ನುತ್ತದೆ? ಪೂರ್ತಿ ತಿಂದರೆ 510 ಮಿಲಿಗ್ರಾಂ ಸೋಡಿಯಂ ಹೊಟ್ಟೆಗೆ. ದೊಡ್ಡವರಿಗೇ ದಿನಕ್ಕೆ 2000 ದಾಟಬಾರದು, ಮಕ್ಕಳಿಗೆ ಇನ್ನೂ ಕಮ್ಮಿ. ಸಿಗುವ ಪ್ರೋಟೀನ್ ನಾಲ್ಕು ಗ್ರಾಮೂ ಇಲ್ಲ. ಒಂದು ಲೋಟ ಹಾಲಲ್ಲಿ ಆರಕ್ಕೂ ಹೆಚ್ಚಿರುತ್ತದೆ, ಕ್ಯಾಲ್ಸಿಯಂ ಬೇರೆ.

ರುಚಿಯ ವಿಷಯದಲ್ಲಿ ಸುಳ್ಳು ಹೇಳಲಾರೆ, ಚೆನ್ನಾಗಿದೆ. ಬಾಯಿಗಿಟ್ಟರೆ ಕರಂ ಅಂದು ಕರಗಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಬೆರಳೆಲ್ಲ ಕೇಸರಿ. ನಮ್ಮನೆಯವಳು ಒಂದು ತಿಂದು, "ಪುರಿಗೆ ಅರಿಸಿನ ಬಳ್ದಂಗದೆ, ಇದ್ಕೆ ಮೂವತ್ತು ರೂಪಾಯಾ?" ಅಂದಳು.

ಚೀಸೇ ಬೇಕೆಂದರೆ ಸ್ಲೈಸ್ ವಾಸಿ. ಮಗಳು ಫ್ರಿಜ್ಜಿನಲ್ಲಿಟ್ಟಿದ್ದ ಪ್ಯಾಕೆಟ್ಟನ್ನೂ ತಿರುಗಿಸಿ ನೋಡಿದೆ: ಮೊದಲ ಹೆಸರೇ ಚೀಸ್, 20 ಗ್ರಾಂ ಸ್ಲೈಸಿಗೆ ಸುಮಾರು 4 ಗ್ರಾಂ ಪ್ರೋಟೀನ್. ಆದರೆ ಅದರಲ್ಲೂ ಉಪ್ಪು ಜಾಸ್ತಿ, 331, 339 ಅನ್ನುವ ಸೋಡಿಯಂ ಲವಣಗಳೂ ಇವೆ. ದೋಸೆ ಮೇಲೆ ಅರ್ಧ ಸ್ಲೈಸ್ ಸಾಕು.

ಚೀಸ್ ಬಾಲ್ಸ್‌ಗೆ ಐದಕ್ಕೆ ಒಂದು ಸ್ಟಾರ್, ಅದೂ ಕುರುಕಲು ಅನ್ನುವ ಕಾರಣಕ್ಕೆ. ಅರ್ಧ ಪೊಟ್ಟಣ ಕಿತ್ತುಕೊಂಡು ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದೆ. ನಿನ್ನೆ ಇಳಿಸಿದರೆ ಡಬ್ಬಿ ಖಾಲಿ. ಮೊಮ್ಮಗಳ ಕೈ ಅಲ್ಲಿಗೆ ಎಟುಕಲ್ಲ. ಮನೆಯವಳ ಸೆರಗಿನ ತುದಿ ಮಾತ್ರ ಕೇಸರಿ ಆಗಿತ್ತು.