ಪುಟ್ಟ ನಾಯಿಗೆ ಯಾವ ಡಾಕ್ಟರು: ಬೀದಿ ಕೊನೆಯ ಕ್ಲಿನಿಕ್ಕೋ, ಹೆಬ್ಬಾಳವೋ?

ಬೆಂಗಳೂರಿನಲ್ಲಿ 3 ಕಿಲೋ ತೂಗುವ ಪೊಮೇರಿಯನ್ ಸಾಕಿದವರಿಗೆ ಎರಡು ದಾರಿ: ಹತ್ತಿರದ ಖಾಸಗಿ ಕ್ಲಿನಿಕ್, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೆಬ್ಬಾಳದಲ್ಲಿ ಖರ್ಚು ಕಡಿಮೆ, ಎಕ್ಸ್‌ರೇ, ಆಪರೇಷನ್, ತಜ್ಞರು ಎಲ್ಲ ಒಂದೇ ಆವರಣದಲ್ಲಿ. ಆದರೆ ಸರದಿ ಕಾಯಬೇಕು. ಪಕ್ಕದಲ್ಲೊಂದು ಲ್ಯಾಬ್ರಡಾರ್ ಬೊಗಳಿದರೆ ಸಾಕು, ನಮ್ಮ ಪುಟ್ಟಿ ಸೆರಗಿನೊಳಗೆ ಮುಖ ಹುದುಗಿಸಿ ಗಡಗಡ ನಡುಗುತ್ತಾಳೆ.

ಲಸಿಕೆಗೆ, ಹೊಟ್ಟೆ ಕೆಟ್ಟಿದ್ದಕ್ಕೆ ಕ್ಲಿನಿಕ್ಕೇ ಸರಿ. ಅಲ್ಲಿ ಡಾಕ್ಟರ ಕೈ ಗಮನಿಸಿ. ಔಷಧಿ ಬರೆಯುವ ಮುಂಚೆ ತೂಕ ನೋಡುತ್ತಾರಾ? ಇಷ್ಟು ಸಣ್ಣ ಮೈಗೆ ಅರ್ಧ ಕಿಲೋ ವ್ಯತ್ಯಾಸವೂ ದೊಡ್ಡದೇ. ತುಟಿ ಸರಿಸಿ ಹಲ್ಲು ನೋಡುತ್ತಾರಾ, ಹಿಂಗಾಲಿನ ಮಂಡಿಚಿಪ್ಪು ಒತ್ತಿ ನೋಡುತ್ತಾರಾ? ಸಣ್ಣ ತಳಿಗಳಿಗೆ ತೊಂದರೆ ಹೆಚ್ಚಾಗಿ ಅಲ್ಲೇ. ಚಿಪ್ಪು ಜಾರಿ ಆಪರೇಷನ್ನೇ ಬೇಕೆಂದರೆ ಮಾತ್ರ ನಾನು ಹೆಬ್ಬಾಳಕ್ಕೇ ಹೋಗುವುದು.